ಹೊಂಗೆ ಎಣ್ಣೆಯಲ್ಲಿ ಓಡುವ ಇಮಾಂಬೀ ಅವರ ಗಿರಣಿ

ಸಂಜೆ ಕಾಲೇಜಿನಲ್ಲಿ ವಾಣಿಜ್ಯ ಓದಿದ ನಾನು ಎಂಜಿನ್ ನಡೆಸುವವರ ಬಗ್ಗೆ ಬರೆಯುವುದು ದುಡುಕೇ ಸರಿ. ಓದುಗರು ಕ್ಷಮಿಸಬೇಕು. ತಪ್ಪು ಕಂಡರೆ ಅದು ನನ್ನದು, ಇಮಾಂಬೀ ಅವರದಲ್ಲ.

ಭರಮಸಾಗರದ ಹತ್ತಿರದ ಹಳ್ಳಿಯೊಂದರಲ್ಲಿ ಬೆಳಕು ಹರಿಯುತ್ತಿದೆ. ಹಿಟ್ಟಿನ ಗಿರಣಿಯ ಶೆಡ್ಡಿನಲ್ಲಿ ಇಮಾಂಬೀ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಳೆಯ ಎಂಜಿನ್ನಿನ ಹ್ಯಾಂಡಲ್ ತಿರುಗಿಸುತ್ತಿದ್ದಾರೆ. ಅದು ಕೆಮ್ಮುತ್ತದೆ, ನಿಲ್ಲುತ್ತದೆ. ಇವತ್ತು ಹೊರಡದಿದ್ದರೆ ಗುಜರಿಗೆ ಎಂದು ಗಂಡ ಅಬ್ದುಲ್ ಖಾದರ್ ನಿನ್ನೆಯೇ ಹೇಳಿಯಾಗಿದೆ.

ಗೋಡೆಯ ಮೇಲೆ ಎರಡು ಡಬ್ಬಿಗಳಿವೆ. ಚಿಕ್ಕದರಲ್ಲಿ ಡೀಸೆಲ್, ದೊಡ್ಡದರಲ್ಲಿ ಹೊಂಗೆ ಎಣ್ಣೆ. ಹೊಂಗೆ ಎಣ್ಣೆ ಮಂದ, ತಣ್ಣಗಿನ ಎಂಜಿನ್ನಿಗೆ ಒಗ್ಗುವುದಿಲ್ಲ. ಹಾಗಾಗಿ ಡೀಸೆಲ್‌ನಲ್ಲಿ ಹೊರಡಿಸಿ, ಬಿಸಿಯಾದ ಮೇಲೆ ಹೊಂಗೆಯ ನಲ್ಲಿ ಬಿಡುತ್ತಾರೆ. ನಿಲ್ಲಿಸುವ ಮುಂಚೆ ಮತ್ತೆ ಡೀಸೆಲ್ ಹರಿಸಿ ಪೈಪು ತೊಳೆಯಲೇಬೇಕು. ಇಲ್ಲದಿದ್ದರೆ ಎಣ್ಣೆ ಒಳಗೇ ಅಂಟಾಗಿ ಕೂರುತ್ತದೆ.

ನಿನ್ನೆ ಆದದ್ದು ಅದೇ. ಇಮಾಂಬೀ ಹೊಂಗೆ ಬೀಜವನ್ನು ಗಾಣಕ್ಕೆ ಹಾಕಿಸಿ ಎಣ್ಣೆ ತರಲು ಭರಮಸಾಗರಕ್ಕೆ ಹೋಗಿದ್ದರು. ಖಾದರ್ ಸಾಬರು ನಮಾಜಿಗೆ ಹೊರಟವರು, ರಾಗಿ ಬೀಸಿಸಲು ಬಂದಿದ್ದ ಕಾಟಲಿಂಗಪ್ಪನವರಿಗೆ "ಸ್ವಲ್ಪ ನೋಡ್ಕಳಪ್ಪ" ಎಂದರು. ಎಂಜಿನ್ ಸುಮ್ಮನೆ ಓಡುತ್ತಿದೆ, ಎಣ್ಣೆ ದಂಡ ಎಂದು ಕಾಟಲಿಂಗಪ್ಪ ಆರಿಸಿಬಿಟ್ಟರು.

"ಒಳ್ಳೇದಾಗ್ಲಿ ಅಂತ ಆರ್ಸಿದ್ನಕ್ಕ," ಎಂದು ಬಾಗಿಲಲ್ಲಿ ನಿಂತ ಅವರು ತಲೆ ಕೆರೆದುಕೊಳ್ಳುತ್ತಾರೆ.

"ಇನ್ಮೇಲೆ ನಂಗೆ ಕೆಟ್ಟದ್ದೇ ಬಯಸ್ರಿ ಅಣ್ಣ. ಮಿಲ್ಲು ಚೆನ್ನಾಗಿ ಓಡ್ತೈತೆ."

ತಕ್ಕಡಿ ಪಕ್ಕದಿಂದ ಖಾದರ್ ಸಾಬರು, "ಕರೆಂಟ್ ಮೋಟ್ರು ಹಾಕಾಣ ಅಂದ್ರೆ ಕೇಳಂಗಿಲ್ಲ" ಎನ್ನುತ್ತಾರೆ.

"ನಮ್ಮೂರಿಗೆ ಮಿಲ್ಲಿನ ಕರೆಂಟ್ ಬರೋದು ಎಲ್ಲಾರೂ ಮಲಗಿದ್ಮೇಲೆ. ಕನಸ್ನಾಗೆ ಬೀಸ್ತೀರೇನು? ನೋಡ್ಕಳಪ್ಪ ಅಂದೋರು ನೀವೇ ಅಲ್ವಾ?"

ಸಾಬರು ತಕ್ಕಡಿಯ ಕಲ್ಲುಗಳನ್ನು ಜೋಡಿಸತೊಡಗುತ್ತಾರೆ.

ಹೊಂಗೆಯ ದಾರಿ ಇವರು ಹುಡುಕಿ ಹೋದದ್ದಲ್ಲ. ಲಾಕ್‌ಡೌನಿನಲ್ಲಿ ಬಂಕಿಗೆ ಹೋಗಲು ಬಿಡದಿದ್ದಾಗ, ಎತ್ತಿನ ಗಾಯಕ್ಕೆಂದು ಇಟ್ಟಿದ್ದ ಎಣ್ಣೆಯನ್ನು ಇಮಾಂಬೀ ಎಂಜಿನ್ನಿಗೆ ಸುರಿದರು. ಓಡಿತು. ಮರುದಿನ ಕಚ್ಚಿಕೊಂಡು ಕೂತಿತು. ಎರಡು ನಲ್ಲಿಯ ಪಾಠ ಅಲ್ಲಿಂದ ಶುರು. ಈಗ ಹೊಂಗೆ ಬೀಜ ಆಯ್ದು ತಂದವರಿಗೆ ಬೀಸುವುದು ಪುಕ್ಕಟೆ. ಬೇಸಿಗೆಯಲ್ಲಿ ಹೆಂಗಸರು ಒಂದು ಕೈಯಲ್ಲಿ ರಾಗಿ, ಇನ್ನೊಂದರಲ್ಲಿ ಬೀಜದ ಚೀಲ ಹಿಡಿದು ಬರುತ್ತಾರೆ.

"ನೆಲದೊಳಗಿನ ಎಣ್ಣೆ ಒಂದಿನ ಮುಗೀತೈತೆ ಅಂತಾರೆ. ಮರದ್ದು ಮುಗಿಯಲ್ಲ ಅಂದ್ಕಂಡಿದ್ದೆ," ಎನ್ನುತ್ತಾರೆ ಇಮಾಂಬೀ. "ರಸ್ತೆ ಅಗಲ ಮಾಡಾಕೆ ಸಾಲು ಮರ ಕಡಿದ್ರು. ಈ ಸಲ ಚೀಲ ಕಮ್ಮಿ ಬಂದ್ವು."

ಮಾತಾಡುತ್ತಲೇ ಎಣ್ಣೆ ಚಿಮ್ಮಿಸುವ ನಾಜಲ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದಿದ್ದಾರೆ. ಪೈಪಿಗೆ ಬಿಸಿನೀರಿನ ಬಟ್ಟೆ ಸುತ್ತಿದ್ದಾರೆ. ಈಗ ಹ್ಯಾಂಡಲ್‌ಗೆ ಕಾಟಲಿಂಗಪ್ಪನವರೂ ಕೈ ಹಾಕುತ್ತಾರೆ. ಎಂಜಿನ್ ಬಿಕ್ಕುತ್ತದೆ, ಕಪ್ಪು ಹೊಗೆ ಕಾರುತ್ತದೆ, ಹೊರಡುತ್ತದೆ. ಹೊರಗೆ ಕೂತ ಹೆಂಗಸರು ಚೀಲ ಎತ್ತಿಕೊಂಡು ಏಳುತ್ತಾರೆ.

ಆದರೆ ಸದ್ದಿನ ನಡುವೆ ಒಂದು ಟಕ್ ಟಕ್ ಇದೆ. ನಿನ್ನೆ ಅದು ಇರಲಿಲ್ಲವಂತೆ.

"ನಿಲ್ಸಿ ನೋಡೇ," ಎನ್ನುತ್ತಾರೆ ಖಾದರ್ ಸಾಬರು. ದನಿಯಲ್ಲಿ ಗುಜರಿಯ ಮಾತಿಲ್ಲ.

"ನಿಲ್ಸಿದ್ರೆ ಮತ್ತೆ ಹೊರಡ್ತೈತಾ?"

ಇಮಾಂಬೀ ಹೊಂಗೆಯ ನಲ್ಲಿಯ ಮೇಲೆ ಕೈಯಿಟ್ಟು ಕಿವಿಗೊಟ್ಟು ನಿಲ್ಲುತ್ತಾರೆ. ಎಂಜಿನ್ ಬಿಸಿಯಾದ ಮೇಲೆ ತಿರುಗಿಸುತ್ತಾರೆ. "ಮರ ಇರೋವರ್ಗೂ ಇದು ಓಡ್ಲಿ. ಅಷ್ಟು ಸಾಕು."

ಟಕ್ ಟಕ್ ನಿಲ್ಲಲಿಲ್ಲ. ಅದು ಏನೆಂದು ಇಮಾಂಬೀ ಅವರಿಗೆ ತಿಳಿಯಲಿಲ್ಲ. ನಾನು ಬಸ್ಸಿಗೆ ಹೊರಟಾಗಲೂ ಗಿರಣಿ ಓಡುತ್ತಿತ್ತು. ಸಂಜೆ ನಿಲ್ಲಿಸಿದ ಮೇಲೆ ಮತ್ತೆ ಹೊರಟಿತೋ ಇಲ್ಲವೋ, ನನಗೆ ಗೊತ್ತಿಲ್ಲ.