ನುಣುಪು ನೆಲದಲ್ಲಿ ನಿಂತ ಕಾಲು

ಕೋವಿಡ್ ಕಳೆದ ಮೇಲಿನ ಎರಡನೆಯ ಬೇಸಿಗೆ. ಅಥಣಿ ತಾಲ್ಲೂಕಿನ ಒಂದು ಬಸ್ ನಿಲ್ದಾಣದ ನವೀಕರಣಕ್ಕೆ ನಾನು ಗುತ್ತಿಗೆ ಸಂಸ್ಥೆಯ ಸೈಟ್ ಎಂಜಿನಿಯರ್ ಆಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ತಪ್ಪು ನನ್ನದು, ಊರಿನದಲ್ಲ. ಅಳತೆಗಳನ್ನು ಮೆಜರ್‌ಮೆಂಟ್ ಪುಸ್ತಕದಲ್ಲಿ ನೋಡಿಕೊಂಡಿದ್ದೇನೆ. ಉಳಿದದ್ದಕ್ಕೆ ನನ್ನ ನೆನಪೊಂದೇ ಆಧಾರ, ಅದನ್ನು ನಾನು ಪೂರ್ತಿ ನಂಬುವುದಿಲ್ಲ.

ಗೇಟಿನಿಂದ ಪ್ಲಾಟ್‌ಫಾರ್ಮಿಗೆ ಹದಿನಾಲ್ಕು ಮೀಟರ್. ಬಸ್ಸು ರಿವರ್ಸ್ ಬರುವುದೂ ಅಲ್ಲೇ, ಜನ ದಾಟುವುದೂ ಅಲ್ಲೇ. ಮೊದಲು ಅಲ್ಲಿ ಶಹಾಬಾದ್ ಹಾಸುಗಲ್ಲಿನ ಫರಸಿ ಇತ್ತು, ಸಂದುಗಳಲ್ಲಿ ಹುಲ್ಲು. ಅದನ್ನು ಕೀಳಿಸಿ, ಒಂದೇ ಬಣ್ಣದ ನುಣುಪು ಕಾಂಕ್ರೀಟ್ ಹಾಕಿಸಿದೆ. ಅದರ ಫೋಟೊವನ್ನು ನನಗೆ ಪಾಠ ಹೇಳಿದ್ದ ಪ್ರಾಧ್ಯಾಪಕರಿಗೂ ಕಳಿಸಿದ್ದೆ.

ಜನರಿಗೆ ಬಿಟ್ಟುಕೊಟ್ಟ ಮೊದಲ ವಾರವೇ, ಸಂತೆಯ ದಿನ, ಕಂಬಳಿ ಹೊದ್ದ ಒಬ್ಬರು ಆ ನೆಲದ ನಟ್ಟನಡುವೆ ನಿಂತುಬಿಟ್ಟರು. ಮೈ ಮುಂದಕ್ಕೆ ಬಾಗಿತ್ತು, ಹಿಮ್ಮಡಿ ನಡುಗುತ್ತಿತ್ತು, ಪಾದ ಮಾತ್ರ ಏಳುತ್ತಿರಲಿಲ್ಲ. ಹಿಂದಿನಿಂದ ಬಸ್ಸು ರಿವರ್ಸ್ ಬರುತ್ತಿತ್ತು. ಕಂಡಕ್ಟರ್ ಡಬಡಬ ತಗಡು ಬಡಿದ. ಬಸ್ಸು ಒಂದು ಮಾರು ದೂರದಲ್ಲಿ ನಿಂತಿತು.

"ಏ ಕಾಕಾ, ನಿಂದರಾಕ ಬ್ಯಾರೆ ಜಾಗಾ ಸಿಗಲಿಲ್ಲೇನು?" ಎಂದು ಡ್ರೈವರ್ ಕೂಗಿದ.

ನಾನು ಓಡಿಹೋಗಿ ಅವರ ತೋಳು ಹಿಡಿದೆ.

"ಜಗ್ಗಬ್ಯಾಡ್ರಿ ಸಾಹೇಬ್ರ, ಬೀಳ್ತೀನ್ರಿ."

ಜಗ್ಗಿದೆ. ಅವರು ಮೊಣಕಾಲೂರಿ ಬಿದ್ದರು.

ಅವರು ಸಿದರಾಯಪ್ಪ, ತೆಲಸಂಗದ ಕಡೆಯ ಕುರಿ ಸಾಕಣೆದಾರ. ಇಲ್ಲಿಂದ ಬಸ್ ಹತ್ತಿ ಹೋಗುವ ಸಂತೆಯಲ್ಲಿ ಒಳ್ಳೆಯ ಕುರಿ ಆರಿಸಿಕೊಡುವುದರಲ್ಲಿ ಎತ್ತಿದ ಕೈ. ಕರೆದೊಯ್ಯಲು ಬಂದ ಮಗ ಮಲ್ಲಪ್ಪ ಅಲ್ಲೇ ತೀರ್ಮಾನ ಹೇಳಿದ: "ಇನ್ ಮ್ಯಾಲ ಸಂತಿ ಬಂದ್ ಅಪ್ಪಾ. ಗಾಲಿ ಕೆಳಗ ಸಿಕ್ರ ಯಾರಿಗಿ ಕೇಳೂಣು?" ಚಹಾದ ಅಂಗಡಿಯವನು ನನ್ನ ಕಿವಿಯಲ್ಲಿ, "ಹೊಲದಾಗ ನೋಡ್ರಿ, ಚಿಗರಿಗತೆ ಹೋಗ್ತಾನ. ಇಲ್ಲಿ ಬಂದ ನಾಟಕಾ" ಎಂದ. ನಾಟಕ ಎಂಬ ಮಾತು ಅವನದೋ, ನಾನೇ ಅಂದುಕೊಂಡದ್ದೋ, ಈಗ ಹೇಳಲಾರೆ. ನಂಬಿದ್ದಂತೂ ನಿಜ.

ಎರಡು ದಿನ ಬಿಟ್ಟು ಅವರ ಊರಿಗೆ ಹೋದೆ. ಅನುಕಂಪದಿಂದಲ್ಲ, ನಾಟಕವನ್ನು ಪತ್ತೆ ಹಚ್ಚಲು. ಜೋಳ ಕೊಯ್ದ ಹೊಲದಲ್ಲಿ ಕುರಿಗಳ ಹಿಂದೆ ಸಿದರಾಯಪ್ಪ ಕೂಳೆಯ ಸಾಲುಗಳನ್ನು ಒಂದೊಂದಾಗಿ ದಾಟುತ್ತ ಸರಾಗವಾಗಿ ಬರುತ್ತಿದ್ದರು. ನನಗೆ ಸಿಟ್ಟು ಬಂತು. ಆದರೆ ಮನೆಯ ಮುಂದಿನ ಸಿಮೆಂಟ್ ಅಂಗಳಕ್ಕೆ ಕಾಲಿಟ್ಟದ್ದೇ ತಡ, ಮತ್ತೆ ಹಾಗೆಯೇ ನಿಂತರು. ಹೆಂಡತಿ ಕಸ್ತೂರೆವ್ವ ಸುಮ್ಮನೆ ಬಂದು ತನ್ನ ಪಾದವನ್ನು ಅವರ ಪಾದದ ಮುಂದೆ ಅಡ್ಡ ಇಟ್ಟರು. ಅವರು ಅದನ್ನು ದಾಟಿ ನಡೆದುಬಿಟ್ಟರು.

"ಅಡ್ಡ ಏನರ ಕಂಡ್ರ ದಾಟತಾರ್ರಿ. ಬೋಳ ನೆಲಾ ಕಂಡ್ರ ಕಾಲ ಮಾತ ಕೇಳಂಗಿಲ್ಲ" ಎಂದರು ಕಸ್ತೂರೆವ್ವ.

ಸಿದರಾಯಪ್ಪನವರಿಗೆ ಪಾರ್ಕಿನ್ಸನ್ ಕಾಯಿಲೆ. ಮಿರಜಿನಲ್ಲಿ ಔಷಧ ನಡೆದಿತ್ತು. ಅಲ್ಲಿನ ಫಿಜಿಯೋಥೆರಪಿಸ್ಟ್ ಫೋನಿನಲ್ಲಿ ವಿವರಿಸಿದರು. ಈ ಕಾಯಿಲೆಯಲ್ಲಿ ನಡಿಗೆ ತಾನಾಗಿ ಸಾಗುವ ಲಯ ಕೆಡುತ್ತದೆ, ಪಾದ ನೆಲಕ್ಕೆ ಅಂಟಿದಂತಾಗುತ್ತದೆ. ಇದಕ್ಕೆ ಫ್ರೀಜಿಂಗ್ ಎನ್ನುತ್ತಾರೆ. ಎದುರಿಗೆ ಅಡ್ಡಗೆರೆ ಕಂಡರೆ, ಅದನ್ನು ದಾಟಬೇಕೆಂಬ ಯೋಚನೆಯಿಂದ ಹೆಜ್ಜೆ ಏಳುವುದುಂಟು, ಎಲ್ಲರಿಗೂ ಅಲ್ಲ. ಫರಸಿಯ ಸಂದುಗಳು ಮಾಡುತ್ತಿದ್ದುದು ಆ ಕೆಲಸವನ್ನೇ. ನಾನು ಅವನ್ನು ಅಳಿಸಿಹಾಕಿದ್ದೆ.

ನೆಲಕ್ಕೆ ಗೆರೆ ಎಳೆಸಿ ಮುಂದಿನ ಸಂತೆಯ ದಿನ ಒಮ್ಮೆ ಪ್ರಯತ್ನಿಸಲು ಮಲ್ಲಪ್ಪ ಒಪ್ಪಿದ. "ದಾಟಿದ್ರ ಸಂತಿ, ಇಲ್ಲಂದ್ರ ಮನಿ" ಎಂಬುದು ಅವನ ಷರತ್ತು. ನಿಲ್ದಾಣದ ಕಂಟ್ರೋಲರ್ ಹತ್ತು ನಿಮಿಷ ಬಸ್ಸುಗಳನ್ನು ಗೇಟಿನ ಹೊರಗೆ ತಡೆದರು. ನಾನು ಎಪ್ಪತ್ತೈದು ಸೆಂಟಿಮೀಟರಿಗೊಂದು ಸುಣ್ಣದ ಗೆರೆ ಎಳೆಸಿದ್ದೆ. ಅದು ನನ್ನ ಹೆಜ್ಜೆಯ ಅಳತೆ. ಮೂರನೆಯ ಗೆರೆ ದಾಟಿದ ಮೇಲೆ ಸಿದರಾಯಪ್ಪ ಸಿಕ್ಕಿಕೊಂಡರು. ಹೊರಗೆ ಹಾರನ್ ಶುರುವಾಯಿತು. ಜನ ಸೇರಿದರು.

"ಸಾಕ್ರಿ ಸಾಹೇಬ್ರ. ನಾಲ್ಕ ಮಂದ್ಯಾಗ ನಮ್ಮಪ್ಪನ್ನ ಕುಣಸಬ್ಯಾಡ್ರಿ" ಎಂದ ಮಲ್ಲಪ್ಪ.

ಕಸ್ತೂರೆವ್ವ ಪಾದ ಅಡ್ಡವಿಟ್ಟು ಗಂಡನನ್ನು ಬಿಡಿಸಿ ಗೇಟಿಗೆ ಕರೆತಂದರು. ಸಿದರಾಯಪ್ಪ ಗೆರೆಗಳನ್ನೇ ನೋಡುತ್ತಿದ್ದರು. ಅವರ ದನಿ ಸಣ್ಣದು, ಬಾಗಿ ಕೇಳಬೇಕಾಯಿತು.

"ಒಂಟೆಗಿ ಹಾಕೀರೇನ್ರಿ ಈ ಸಾಲ? ಜ್ವಾಳದ ಸಾಲಿನಷ್ಟ ಹಾಕ್ರಿ."

ಜೋಳದ ಸಾಲಿನ ಅಂತರ ಒಂದೂವರೆ ಅಡಿ, ನಲವತ್ತೈದು ಸೆಂಟಿಮೀಟರ್. ಕಂಟ್ರೋಲರ್ ಗೊಣಗುತ್ತಲೇ ನಿಂತಿದ್ದ ಬಸ್ಸುಗಳನ್ನು ಒಳಗೆ ಬಿಟ್ಟು, ಅವು ಹೋದ ಮೇಲೆ ಇನ್ನೊಮ್ಮೆ ಗೇಟು ತಡೆದರು. ಹಳೆಯದನ್ನು ಒರೆಸಿ ಹೊಸ ಗೆರೆ ಎಳೆದೆವು. ಸಿದರಾಯಪ್ಪ ಹೊರಟರು. ಹತ್ತು ಗೆರೆ, ಹದಿನೈದು. ಇಪ್ಪತ್ತರ ಸುಮಾರಿಗೆ ಹಾರನ್ ಕೂಗಿತು. ಅವರ ಹಿಮ್ಮಡಿ ನಡುಗತೊಡಗಿತು. ಮಲ್ಲಪ್ಪನ ಕೈ ಮುಂದೆ ಬಂತು. "ಮುಟ್ಟಬ್ಯಾಡೋ" ಎಂದರು ಕಸ್ತೂರೆವ್ವ. ನಾನು ನನ್ನ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡೆ. ಎಷ್ಟು ಹೊತ್ತು ಹಾಗೆ ನಿಂತಿದ್ದರೋ, ನನ್ನ ಲೆಕ್ಕದಲ್ಲಿ ಅದು ಬಹಳ ಹೊತ್ತು. ಆಮೇಲೆ ಬಲಗಾಲು ಎದ್ದಿತು. ಗೆರೆ ದಾಟಿತು. ಉಳಿದವನ್ನು ಅವರು ತಲೆಯೆತ್ತದೆ ದಾಟಿ ಪ್ಲಾಟ್‌ಫಾರ್ಮ್ ಏರಿದರು.

ಆ ದಿನ ಅವರು ಸಂತೆಗೆ ಹೋದರು. ಮಲ್ಲಪ್ಪ ಬಸ್ ಹತ್ತಲಿಲ್ಲ, ಕೆಳಗೇ ನಿಂತು ಕಳಿಸಿಕೊಟ್ಟ. ಕೆಲವು ವಾರಗಳಲ್ಲಿ ಸಾರಿಗೆ ಸಂಸ್ಥೆಯ ಒಪ್ಪಿಗೆ ಸಿಕ್ಕಿ, ಸುಣ್ಣದ ಜಾಗದಲ್ಲಿ ಬಿಳಿಯ ಪೇಂಟಿನ ಗೆರೆಗಳು ಬಂದವು.

ಒಂದು ಸಂಗತಿ ಮಾತ್ರ ಕೊರೆಯುತ್ತಿತ್ತು. ಫರಸಿ ಕೀಳಿಸುವಾಗ ಯಾರೋ ಬಂದು ಬೇಡವೆಂದು ಹೇಳಿದಂತೆ, ನಾನು ನಕ್ಷೆಯಿಂದ ತಲೆ ಎತ್ತದೆ ಕೈಬೀಸಿ ಕಳಿಸಿದಂತೆ ನೆನಪು. ಅದು ನಡೆದದ್ದೋ, ತಪ್ಪಿತಸ್ಥ ಮನಸ್ಸು ಆಮೇಲೆ ಕಟ್ಟಿಕೊಂಡದ್ದೋ ತಿಳಿಯದು. ಪೇಂಟ್ ಒಣಗಿದ ದಿನ ಸಿದರಾಯಪ್ಪನವರನ್ನೇ ಕೇಳಿದೆ: "ಫರಸಿ ತಗೀಬ್ಯಾಡ್ರಿ ಅಂತ ಅವತ್ತ ಹೇಳಿದವ್ರು ನೀವೇನ್ರಿ?"

ಅವರು ನಕ್ಕರು. "ನನಗೂ ನೆಪ್ಪಿಲ್ರಿ. ಹೇಳಿದ್ರೂ ಅವತ್ತ ನೀವ ಕೇಳತಿದ್ರೇನು?"

ಕೇಳುತ್ತಿರಲಿಲ್ಲ. ನಮ್ಮ ನಕ್ಷೆಗಳಲ್ಲಿ ಜನರ ಓಡಾಟವನ್ನು ಬಾಣದ ಗುರುತಿನಿಂದ ತೋರಿಸುತ್ತೇವೆ. ಬಾಣ ಎಲ್ಲೂ ತಡವರಿಸುವುದಿಲ್ಲ. ಈಗ ಯಾವ ನೆಲವನ್ನೇ ಕೀಳುವ ಮೊದಲು, ಅದರ ಮೇಲೆ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೆಂದು ಹುಡುಕಿ, ಅವರ ಜೊತೆ ಆ ಕೊನೆಯಿಂದ ಈ ಕೊನೆಗೆ ಒಮ್ಮೆ ನಡೆಯುತ್ತೇನೆ. ಅವರು ಹೇಳಿದ್ದನ್ನು ಅಲ್ಲೇ ನಿಂತು ಬರೆದುಕೊಳ್ಳುತ್ತೇನೆ.