ಹಾರುವವನ ಬಟ್ಟೆ ಹೊಲಿದವರು

ನನ್ನ ಹಳೆಯ ಡೈರಿಯಲ್ಲಿ ಆಗಸ್ಟ್ ಒಂಬತ್ತರ ಪುಟ ಹೀಗೆ ಶುರುವಾಗುತ್ತದೆ: "ಕಾಮಿಕ್ಸ್ ನಿರಾಸೆ. ಮತ್ತೆ ಅದೇ ಕತೆ."

ಕಾಲು ಮುರಿದುಕೊಂಡು ಸರಗೂರಿನಲ್ಲಿ ಮಲಗಿದ್ದ ಮೊಮ್ಮಗಳಿಗೆ ಹೊಸ ಕತೆ ತರುತ್ತೇನೆಂದು ಮಾತು ಕೊಟ್ಟಿದ್ದೆ. ಹುಣಸೂರಿನಲ್ಲಿ ಕೊಂಡ ಸೂಪರ್‌ಹೀರೋ ಪುಸ್ತಕವನ್ನು ಬಸ್ಸಿನಲ್ಲೇ ಓದಿದೆ. ತಾಯಿ ಸಾಯುತ್ತಾಳೆ, ಹುಡುಗನಿಗೆ ಶಕ್ತಿ ಬರುತ್ತದೆ, ಕೆಂಪು ಬಟ್ಟೆ ಹೊದ್ದು ಹಾರುತ್ತಾನೆ. ಮಗುವಿಗೆ ಬಾಯಿಪಾಠವಾಗಿದ್ದ ಕತೆ. ಬರಿಗೈಯಲ್ಲಿ ಹೋದಂತೆಯೇ ಆಯಿತು.

ಪಕ್ಕದಲ್ಲಿ ಶಾಲೆಯ ಯೂನಿಫಾರಂ ಗಂಟು ಹಿಡಿದು ಕೂತಿದ್ದ ಮುದುಕ ಟೈಲರ್ ಚಿತ್ರದ ಮೇಲೆ ಬೆರಳಿಟ್ಟರು.

"ಈ ಕೆಂಪು ಬಟ್ಟೆ ಯಾರು ಹೊಲಿದ್ರಮ್ಮ?"

"ಅದನ್ನು ಬರೆದಿಲ್ಲ," ಎಂದೆ ತುಸು ಬಿಗುವಾಗಿ.

"ಮುಖ್ಯವಾದ್ದೇ ಬುಟ್ಟವ್ರೆ ನೋಡಿ. ಕುತ್ತಿಗೆಗೆ ಕಟ್ಟಿದ್ರೆ ಹಾರುವಾಗ ಉರುಳು ಬೀಳ್ತದೆ. ಇದನ್ನ ಎರಡೂ ಹೆಗಲಿಗೆ ಸೇರಿಸಿ ಹೊಲಿದವ್ರೆ. ಮಗೀನ ಉಸಿರು ಯೋಚನೆ ಮಾಡಿ ಹೊಲಿದ ಕೈ ಇದು. ತಾಯೇ ಇರ್ಬೇಕು."

"ತಾಯಿ ಮೊದಲ ಪುಟದಲ್ಲೇ ಸತ್ತಳು."

"ಅಂಗಾದ್ರೆ ಅಜ್ಜಿ ಕಣಮ್ಮ."

ಬಿ.ಎ. ಓದಿದ ನಾನು ಈ ಕತೆಯನ್ನು ಎಷ್ಟು ಸಲ ಓದಿ ಹೇಳಿದ್ದೆನೋ, ಆ ಹೊಲಿಗೆ ಕಂಡಿರಲಿಲ್ಲ. ಸರಗೂರು ಬರುವವರೆಗೂ ಆ ಚಿತ್ರದಿಂದ ಕಣ್ಣು ಕೀಳಲಾಗಲಿಲ್ಲ.

ಸಂಜೆ ಮೊಮ್ಮಗಳಿಗೆ ಆ ಅಜ್ಜಿಯ ಕತೆಯನ್ನೇ ಹೇಳಿದೆ. ಪುಸ್ತಕದಲ್ಲಿ ಇಲ್ಲದ ಅಜ್ಜಿ, ಅವಳ ಸೂಜಿ, ಅವಳು ಎರಡು ಸಲ ಬಿಚ್ಚಿ ಹೊಲಿದ ಹೆಗಲು. ಮಗು ಕಾಲು ನೋವು ಮರೆತು ಕೇಳಿತು. ಮುಗಿದ ಮೇಲೆ, "ಅಜ್ಜಿ, ನಿಂಗೂ ಹೊಲಿಯಕ್ಕೆ ಬತ್ತದಾ?" ಎಂದಿತು.

ಒಟ್ಟು ಖರ್ಚು ಇಷ್ಟು: ಪುಸ್ತಕಕ್ಕೆ ನೂರಿಪ್ಪತ್ತು ರೂಪಾಯಿ. ಹೆಂಗಸರಿಗೆ ಬಸ್ಸು ಉಚಿತ. ನನ್ನ ಮದುವೆಯ ಕೆಂಪು ರೇಷ್ಮೆ ಸೀರೆಯ ಸೆರಗು, ಒಂದು.