ಖಾಲಿ ಕುರ್ಚಿಗಳ ಎದುರು ಗಿಟಾರು

ಮೆಣಸಿನಕಾಯಿ ಘಾಟು ಮೂಗಿಗೆ ಬಡಿದರೆ ನಿಮಗೆ ಸೀನು ಬರುತ್ತದೆ. ನನಗೆ ಗಿಟಾರು ಕೇಳಿಸುತ್ತದೆ. ನಗಬೇಡಿ. ಮೊನ್ನೆ ಬ್ಯಾಡಗಿ ಪೇಟೆ ಹಾಯ್ದು ಬರುವಾಗಲೂ ಹಾಗೆಯೇ ಆಯಿತು.

ಎಂಬತ್ತರ ದಶಕದ ಕೊನೆ. ಆಗ ನಾನು ಮೆಣಸಿನಕಾಯಿ ದಲ್ಲಾಳಿ. ಬರಿಗೈಲಿ ಬಂದು ಬಾಯಿಂದಲೇ ಬದುಕು ಕಟ್ಟಿಕೊಂಡವನು. ಚೌಕಾಶಿಯಲ್ಲಿ ನನ್ನನ್ನು ಮೀರಿಸುವವರು ರಾಣೆಬೆನ್ನೂರಿನಿಂದ ಹಾವೇರಿಯವರೆಗೆ ಯಾರೂ ಇಲ್ಲವೆಂದು ಊರು ಹೇಳುತ್ತಿತ್ತು. ಊರು ಹೇಳದ ದಿನ ನಾನೇ ಹೇಳಿಕೊಳ್ಳುತ್ತಿದ್ದೆ. ಇಂಥವನು ಬೆಂಗಳೂರಿನ ನಾಲ್ವರು ಉದ್ದಗೂದಲಿನ ರಾಕ್ ಹಾಡುಗಾರರನ್ನು ಕರೆಸಿ, ಬ್ಯಾಡಗಿಯ ಬಯಲಲ್ಲಿ ಟಿಕೆಟ್ ಇಟ್ಟು ಹಾಡಿಸಲು ಹೊರಟೆ.

ಒಂದು ಕಿವಿಮಾತು: ಬಾಡಿಗೆ ಸಾಮಾನಿಗೆ ಚೌಕಾಶಿ ಮಾಡಿ, ಆದರೆ ಗೆಲ್ಲಬೇಡಿ. ರಾಣೆಬೆನ್ನೂರಿನ ಮೈಕಿನವನೊಂದಿಗೆ ಅರ್ಧ ದಿನ ಹಗ್ಗಜಗ್ಗಾಡಿ, ನಾಲ್ಕು ಸ್ಪೀಕರಿನ ಬಾಡಿಗೆಗೆ ಎಂಟು ಹೊರಿಸಿಕೊಂಡು ಬಂದೆ. ಬೇಲಿಯಾಚೆಗೂ ಹಾಡು ಪುಕ್ಕಟೆ ಹೋಗುತ್ತದೆಂಬುದು ಹೊಳೆಯಲೇ ಇಲ್ಲ. ಟಿಕೆಟಿಗೆ ಇಪ್ಪತ್ತು ರೂಪಾಯಿ ಬರೆಸಿದೆ; ಜನ ಕೇಳಿದರೆ ಹತ್ತಕ್ಕೆ ಇಳಿಯೋಣವೆಂದು ಒಳಲೆಕ್ಕ. ಆದರೆ ಊರವರೂ ಪೇಟೆಯವರೇ ಅಲ್ಲವೇ?

“ಗಡಿಬಿಡಿ ಮಾಡಬ್ಯಾಡ್ರಿ, ಇಂವ ಸಂಜೀಕ ಇಳೀತಾನ” ಎನ್ನುತ್ತ ವೇದಿಕೆಯ ಬೆನ್ನಿಗಿದ್ದ ತಗಡಿನ ಬೇಲಿಯಾಚೆ, ರಸ್ತೆಯಲ್ಲೇ ಕುಳಿತರು.

ಐದು ಗಂಟೆಗೆ ಒಳಗೆ ಮುನ್ನೂರು ಕುರ್ಚಿ, ಇಪ್ಪತ್ತೇಳು ಜನ. ಹಾಡುಗಾರ ಗಿಟಾರು ಕೆಳಗಿಟ್ಟ. “ಖಾಲಿ ಕುರ್ಚಿಗಳಿಗೆ ನಾವು ಹಾಡಲ್ಲ ಸಾರ್. ಹತ್ತು ನಿಮಿಷ ನೋಡಿ ಹೊರಟುಬಿಡ್ತೀವಿ.”

ಇವರು ಹೋದರೆ ನಾಳೆ ಪೇಟೆಯಲ್ಲಿ ನನ್ನ ಮಾತನ್ನು ಯಾರು ನಂಬುತ್ತಾರೆ? ಮಾತು ಬಿಟ್ಟರೆ ನನ್ನಲ್ಲಿ ಬೇರೆ ಬಂಡವಾಳವೇ ಇರಲಿಲ್ಲ. ಬೇಲಿಯಾಚೆ ಓಡಿ “ಹತ್ತು!” ಎಂದೆ. “ಐದು!” ಎಂದೆ. ಕೊನೆಗೆ, ಜೀವಮಾನದಲ್ಲಿ ಆಡದ ಮಾತು: “ಪುಕ್ಕಟೆ ಬರ್ರಿ!”

ಯಾರೂ ಏಳಲಿಲ್ಲ.

ನಮ್ಮ ಅಂಗಡಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಗಂಗವ್ವ ಕಾಲು ಚಾಚಿ ಕುಳಿತಿದ್ದಳು. “ಒಳಗ ಕಿವಿ ಹರೀತಾವ್ರಿ ಸಾವ್ಕಾರ್ರ. ಇಲ್ಲೇ ಛಲೋ ಕೇಳಸ್ತೈತಿ.”

“ಯವ್ವಾ, ಅವರು ಹೊಂಟು ನಿಂತಾರ! ಖಾಲಿ ಕುರ್ಚಿ ನೋಡಿ ಹಾಡಂಗಿಲ್ಲಂತ.”

“ಕುರ್ಚಿ ಯಾಕ ನೋಡಬೇಕ್ರಿ? ಆ ತಗಡು ಕೀಳಸ್ರಿ, ಈ ಕಡೆ ಮಾರಿ ಮಾಡ್ಲಿ. ನಾವಿಲ್ಲೇನು?”

ಹಮಾಲರು ತಗಡು ಕಿತ್ತರು. ಡ್ರಮ್ಮು ಹಿಂದು ಮುಂದಾಯಿತು. ರಸ್ತೆ ತುಂಬ ಕುಳಿತವರನ್ನು ಕಂಡ ಹಾಡುಗಾರ ಗಿಟಾರು ಎತ್ತಿಕೊಂಡ. ಟಿಕೆಟ್ ಕೊಂಡ ಇಪ್ಪತ್ತೇಳು ಜನ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ಸುತ್ತು ಹಾಕಿ ಬಂದರು. “ರೊಕ್ಕ ಕೊಟ್ಟಾವ್ರಿಗೆ ಹಿಂದಿನ ಸಾಲೇನ್ರಿ?” ಎಂದು ನನ್ನನ್ನೇ ಗದರಿದರು. ಸರಿಯಾಗಿಯೇ ಗದರಿದರು.

ಮೊದಲ ಹಾಡು ಮುಗಿದಾಗ ಗಂಗವ್ವ ತೀರ್ಪು ಕೊಟ್ಟಳು: “ಒಂದ್ ಮಾತೂ ತಿಳೀಲಿಲ್ರಿ. ಆದ್ರ ಪಾಪ, ಜೀವ ಬಿಟ್ಟು ಒದರ್ತಾವ.”

ಈ ಭಾನುವಾರ ಹೆಂಡತಿಯೊಂದಿಗೆ ಹಾವೇರಿಗೆ ಹೋಗಿದ್ದೆ. ಮೈದಾನದಲ್ಲಿ ಯಾವುದೋ ಹಾಡಿನ ಕಾರ್ಯಕ್ರಮ. ಬಾಗಿಲಲ್ಲಿ ನಿಂತ ವ್ಯವಸ್ಥಾಪಕನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕಣ್ಣು ಒಳಗಿನ ಕುರ್ಚಿಗಳನ್ನು ಎಣಿಸುತ್ತಿತ್ತು. ಅವನಿಗೆ ಹೇಳಲೇಬೇಕಾದ ಹತ್ತಾರು ಉಪದೇಶಗಳು ನನ್ನ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡೆ. ಕೇಳಿದಷ್ಟು ಕೊಟ್ಟು ಎರಡು ಟಿಕೆಟ್ ತೆಗೆಸಿ, ಅವನಿಗೆ ಕಾಣುವಂತೆ ಮುಂದಿನ ಸಾಲಿನಲ್ಲಿ ಹೋಗಿ ಕುಳಿತೆ.

ಹೆಂಡತಿ ನನ್ನ ಹಣೆ ಮುಟ್ಟಿ ನೋಡಿದಳು. “ಜ್ವರ ಗಿರ ಬಂದಾವೇನ್ರಿ?”